ಒದ್ದೆ ಕರ್ಚೀಫು ಮತ್ತು ಹೊಳೆಕಲ್ಲಿನ ಬೀಜ

ಎರಡು ವರ್ಷದ ಹಿಂದೆ ಡಿಸೆಂಬರಿನಲ್ಲಿ ನಾನೊಂದು ದಡ್ಡ ಕೆಲಸ ಮಾಡಿದೆ. ನಮ್ಮ ತೋಟದ ಕೆಳಗೆ ಹರಿದು ಅಘನಾಶಿನಿ ಸೇರುವ ಒಂದು ಹೊಳೆ ಇದೆ. ಅದರ ಬಂಡೆಗಳ ಮೇಲೆ ಸಾಸಿವೆಗಿಂತ ಒಂಚೂರು ದೊಡ್ಡ ಒಣ ಕಾಯಿಗಳು ಕಡ್ಡಿ ತುದಿಯಲ್ಲಿ ನಿಂತಿದ್ದವು. ಒಂದು ಹಿಡಿ ಕಿತ್ತೆ. ಗಿಡ ತರುವಾಗ ಬಾಡಬಾರದು ಅಂತ ಒದ್ದೆ ಬಟ್ಟೆಯಲ್ಲಿ ಸುತ್ತುತ್ತೇವಲ್ಲ, ಹಾಗೇ ಕರ್ಚೀಫನ್ನು ಹೊಳೆಯಲ್ಲಿ ಅದ್ದಿ, ಹಿಂಡಿ, ಸುತ್ತಿಕೊಂಡು ಬಂದೆ. ಮನೆಗೆ ಬಂದು ಬಿಚ್ಚಿದರೆ ಕಾಯಿ ಖಾಲಿ, ಬಟ್ಟೆ ತುಂಬ ಕಂದು ಪುಡಿ. ಕೊಡವಿದೆ, ಉದುರಲಿಲ್ಲ. ನಲ್ಲಿ ಕೆಳಗೆ ಹಿಡಿದೆ, ಆಗಲೂ ಪೂರ್ತಿ ಹೋಗಲಿಲ್ಲ. ಒಣಗಿದ ಮೇಲಂತೂ ಗೋಂದು ಹಾಕಿ ಅಂಟಿಸಿದ ಹಾಗೆ ಕೂತುಬಿಟ್ಟಿತು.

ಆ ಪುಡಿಯೇ ಬೀಜ. ನಾನು ಹುಡುಕಿಕೊಂಡು ಹೋಗಿದ್ದೇ ಅದನ್ನು!

ಈ ಗಿಡಕ್ಕೆ ನಮ್ಮ ಊರಲ್ಲಿ ಯಾರೂ ಬೇರೆ ಹೆಸರು ಇಟ್ಟಿಲ್ಲ, ಎಲ್ಲರಿಗೂ ಅದು ಹಾವಸೆ. ಆಯಿಗೆ ತೋರಿಸಿದರೆ "ಹಾವಸೆ ಅಲ್ದಾ ಅದು? ಜಾರ್ತು, ಹುಷಾರಿ" ಅಂದಳು. ಅವಳದ್ದು ತಪ್ಪೂ ಅಲ್ಲ. ಮಳೆಗಾಲದಲ್ಲಿ ನೋಡಿದರೆ ಬಂಡೆಗೆ ಮೆತ್ತಿದ ಹಸಿರು ಸಿಪ್ಪೆಯ ಹಾಗೇ ಕಾಣುತ್ತದೆ, ಎಲೆ ಯಾವುದು ಬೇರು ಯಾವುದು ಗೊತ್ತಾಗುವುದಿಲ್ಲ. ಆದರೆ ಹಾವಸೆ ಹೂ ಬಿಡುವುದಿಲ್ಲ, ಇದು ಬಿಡುತ್ತದೆ. ಇದರ ಕುಟುಂಬದ ಹೆಸರು ಪೊಡೊಸ್ಟೆಮೇಸಿ. ಜಗತ್ತಿನಲ್ಲಿ ಸುಮಾರು 300 ಜಾತಿ. ಹೆಚ್ಚಿನವು ಬಿಸಿಲು ನಾಡುಗಳ ಜಲಪಾತ ಮತ್ತು ರಭಸದ ಹೊಳೆಗಳ ಕಲ್ಲಿನ ಮೇಲೆಯೇ ಬದುಕುವಂಥವು. ನಿಂತ ನೀರಿನ ಕೆರೆಗೆ ತಂದು ಹಾಕಿದರೆ ಉಳಿಯುವುದಿಲ್ಲ. ಮಣ್ಣಂತೂ ಬೇಡವೇ ಬೇಡ.

ಇದರ ವರ್ಷದ ಲೆಕ್ಕಾಚಾರ ತೋಟದವರಿಗೆ ಬೇಗ ಅರ್ಥವಾಗುತ್ತದೆ. ಮಳೆಗಾಲ ಪೂರ್ತಿ ನೀರಿನಡಿ ಬೆಳೆಯುವುದು. ದೀಪಾವಳಿ ಆಸುಪಾಸು ಹೊಳೆ ಇಳಿಯತೊಡಗಿ ಕಲ್ಲಿನ ನೆತ್ತಿ ಗಾಳಿಗೆ ತೆರೆದುಕೊಂಡ ಕೂಡಲೇ, ಮೊದಲೇ ತಯಾರಾಗಿ ಕೂತಿದ್ದ ಮೊಗ್ಗು ಬಿಚ್ಚುತ್ತದೆ, ಹೂವಾಗುತ್ತದೆ, ಕಾಯಿ ಕಟ್ಟುತ್ತದೆ, ಅಷ್ಟರಲ್ಲಿ ಬಿಸಿಲಿಗೆ ಗಿಡ ಸುಟ್ಟು ಹೋಗಿರುತ್ತದೆ. ನೀರು ಮೇಲಿನಿಂದ ಕೆಳಕ್ಕೆ ಇಳಿಯುವುದರಿಂದ ಒಂದೇ ಬಂಡೆಯಲ್ಲಿ ನೆತ್ತಿಯ ಮೇಲೆ ಒಣ ಕಾಯಿ, ನಡುವೆ ಹೂವು, ನೀರಿನಂಚಿಗೆ ಇನ್ನೂ ಹಸಿರು. ಮೂರು ತಿಂಗಳ ಕತೆ ಒಂದು ಮೊಳದಲ್ಲಿ ನೋಡಬಹುದು. ನೋಡಬೇಕಾದರೆ ಮೊಣಕಾಲೂರಿ ಮೂಗು ಕಲ್ಲಿಗೆ ತಾಗಿಸಬೇಕು ಅಷ್ಟೇ, ದಾರಿಯಲ್ಲಿ ಹೋಗುವವರು ಏನಾದರೂ ಅಂದುಕೊಳ್ಳಲಿ.

ಮರುವರ್ಷ ಬುದ್ಧಿ ಬಂದು ಪೋಸ್ಟ್ ಕವರ್ ತಗೊಂಡು ಹೋದೆ. ಒಣ ಕಾಗದ. ಕಾಯಿಗಳು ಹಾಗೇ ಮನೆಗೆ ಬಂದವು.

ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಭೂತಗನ್ನಡಿ ಹಿಡಿದರೆ ಕಾಯಿ ಬೇರೆಯೇ ಆಗಿಬಿಡುತ್ತದೆ. ಉದ್ದಕ್ಕೆ ಏಣುಗಳು, ಕರಬೂಜದ ಮೇಲೆ ಇರುತ್ತವಲ್ಲ, ಅಂಥವು. ಒಣಗಿದಾಗ ಎರಡು ಹೋಳಾಗಿ ಬಾಯಿ ಬಿಡುತ್ತದೆ. ಕೆಲವು ಜಾತಿಗಳಲ್ಲಿ ಎರಡು ಹೋಳೂ ಸಮ. ಇನ್ನು ಕೆಲವದರಲ್ಲಿ ಒಂದು ಚಿಕ್ಕದು, ಅದು ಕಳಚಿ ಬಿದ್ದು ದೊಡ್ಡದು ಮಾತ್ರ ದೋಣಿಯ ಹಾಗೆ ಕಡ್ಡಿ ತುದಿಯಲ್ಲಿ ಉಳಿಯುತ್ತದೆ. ಪಶ್ಚಿಮ ಘಟ್ಟದಲ್ಲೂ ಇರುವ ಡಾಲ್ಜೆಲ್ಲಿಯಾದಂಥ ಗುಂಪಿನಲ್ಲಿ ಹೋಳು ಮೂರು. ಎಷ್ಟು ಹೋಳು, ಸಮವೋ ಅಲ್ಲವೋ, ಏಣು ಎಷ್ಟು ಅನ್ನುವುದನ್ನೆಲ್ಲ ನೋಡಿಯೇ ಸಸ್ಯಶಾಸ್ತ್ರದವರು ಇವುಗಳನ್ನು ಬೇರೆ ಮಾಡುವುದು. ಎಲೆ, ಕಾಂಡ, ಬೇರು ಒಂದರೊಳಗೊಂದು ಕಲಸಿಹೋದ ಗಿಡದಲ್ಲಿ ನಂಬಿಕೆ ಇಡುವಂಥ ಗುರುತು ಕಾಯಿಯದ್ದೇ ಜಾಸ್ತಿ. ಸಿಲೋನಿನ ಪೆರಾದೆನಿಯ ಸಸ್ಯೋದ್ಯಾನದಲ್ಲಿದ್ದ ಜೆ.ಸಿ. ವಿಲ್ಲಿಸ್ 1902ರಲ್ಲೇ ಸಿಲೋನ್ ಮತ್ತು ಭಾರತದ ಜಾತಿಗಳ ಬಗ್ಗೆ ದೊಡ್ಡದಾಗಿ ಬರೆದಿದ್ದಾರೆ.

ಇನ್ನು ಬೀಜ. ಒಂದೊಂದು ಮಿಲಿಮೀಟರಿನ ಕಾಲು ಭಾಗದಷ್ಟು ಇರಬಹುದು, ರಾಗಿಯೂ ಇದರ ಮುಂದೆ ಗುಂಡುಕಲ್ಲು. ಕಾಮಕಸ್ತೂರಿ ಬೀಜ ನೀರಿಗೆ ಹಾಕಿದರೆ ಸುತ್ತ ಲೋಳೆ ಕಟ್ಟುತ್ತದೆ, ಗೊತ್ತಲ್ಲ, ಪಾನಕಕ್ಕೆ ಹಾಕುತ್ತೇವೆ. ಇದೂ ಅದೇ ಜಾತಿಯ ಕೈಚಳಕ. ಹೊರಸಿಪ್ಪೆಯ ಜೀವಕೋಶಗಳು ನೀರು ಸೋಕಿದ ಕೂಡಲೇ ಉಬ್ಬಿ ಲೋಳೆಯಾಗುತ್ತವೆ. ಆ ಲೋಳೆ ಕಲ್ಲಿಗೆ ಹಿಡಿಯುತ್ತದೆ, ಒಣಗಿದರೆ ಇನ್ನೂ ಗಟ್ಟಿ. ನನ್ನ ಕರ್ಚೀಫಿಗೆ ಆಗಿದ್ದು ಇದೇ.

ಸುಮ್ನೆ ಹೇಳಿದರೆ ಆಗಲಿಲ್ಲ, ಮಾಡಿ ನೋಡೋಣ ಅನ್ನಿಸಿತು. ಒಂದು ಒಡೆದ ಮಂಗಳೂರು ಹೆಂಚಿನ ಚೂರು ತೊಳೆದು, ಒದ್ದೆ ಇರುವಾಗಲೇ ಕವರಿನಿಂದ ಬೀಜ ಉದುರಿಸಿದೆ. ಹತ್ತು ನಿಮಿಷ ಬಿಟ್ಟು ಭೂತಗನ್ನಡಿಯಲ್ಲಿ ನೋಡಿದರೆ ಪ್ರತಿ ಕಂದು ಚುಕ್ಕೆಯ ಸುತ್ತ ತೆಳ್ಳಗೆ ಹೊಳೆಯುವ ಒಂದು ಬಳೆ. ಚೂರನ್ನು ಓರೆಯಾಗಿ ಹಿಡಿದು ಒಂದು ಚೊಂಬು ನೀರು ಸುರಿದೆ. ಅರ್ಧದಷ್ಟು ಹೋದವು. ಉಳಿದದ್ದನ್ನು ಒಂದು ದಿನ ಒಣಗಿಸಿ ಮತ್ತೆ ಸುರಿದರೆ ಒಂದೂ ಅಲುಗಲಿಲ್ಲ, ಉಗುರಲ್ಲೇ ಕೆರೆಯಬೇಕಾಯಿತು.

ಹೊಳೆಯಲ್ಲಿ ಆಗುವುದು ಇದೇ ಇರಬೇಕು ಅಂತ ನನ್ನ ಎಣಿಕೆ. ಮಳೆಗಾಲದ ಮೊದಲ ಹನಿಗಳು ಬಿದ್ದು, ಬಂಡೆ ಒದ್ದೆಯಾಗಿ, ಮತ್ತೆ ಬಿಸಿಲು ಬಂದು, ಹೀಗೆ ಎರಡು ಮೂರು ಸಲ ಆದರೆ ಬೀಜ ಕೂತಲ್ಲೇ ಕೂರುತ್ತದೆ. ಒಮ್ಮೆಗೇ ಕೆಂಪು ನೀರು ನುಗ್ಗಿ ಬಂದರೆ ಹೆಚ್ಚಿನವು ತದಡಿ ಅಳಿವೆಗೆ. ಅಂಟಿನ ಕೆಲಸದಲ್ಲಿ ಬೀಜದ ಜೊತೆ ಬಂಡೆಯದ್ದೂ ಪಾಲಿದೆಯಂತೆ: ಕಲ್ಲಿನ ಮೇಲೆ ಬ್ಯಾಕ್ಟೀರಿಯಾಗಳು ಕಟ್ಟುವ ಜಿಗುಟು ಪೊರೆಯೂ ಗಿಡವನ್ನು ಹಿಡಿದಿಡುತ್ತದೆ ಅಂತ 2000ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೇಳಿತ್ತು. ಆಯಿ ಬೈಯುವ ಆ ಜಾರಿಕೆಯೇ.

ಬೀಜದ ಒಳಗಿನ ಸಂಗತಿ ಇನ್ನೂ ವಿಚಿತ್ರ. ತೆಂಗಿನಕಾಯಿ ಒಡೆದಾಗ ಸಿಗುವ ಬಿಳಿ ತಿರುಳಿದೆಯಲ್ಲ, ಅದು ಮೊಳಕೆಗೆ ಅಂತ ತಾಯಿಗಿಡ ಕಟ್ಟಿಕೊಟ್ಟ ಬುತ್ತಿ. ಭತ್ತದಲ್ಲಿ ನಾವು ಉಣ್ಣುವುದೂ ಅದನ್ನೇ. ಭ್ರೂಣಪೋಷ ಅಂತ ಶಾಲೆಯಲ್ಲಿ ಓದಿರುತ್ತೀರಿ. ಹೂ ಬಿಡುವ ಗಿಡದಲ್ಲಿ ಪರಾಗದಿಂದ ಎರಡು ಗಂಡು ಕಣ ಬಂದು ಒಂದು ಭ್ರೂಣಕ್ಕೆ, ಇನ್ನೊಂದು ಈ ಬುತ್ತಿಗೆ ಅಂತ ಎರಡು ಕೂಡಿಕೆ ಆಗಬೇಕು. ಪೊಡೊಸ್ಟೆಮೇಸಿಯಲ್ಲಿ ಎರಡನೆಯದು ಆಗುವುದೇ ಇಲ್ಲ. ಬುತ್ತಿ ಕಟ್ಟುವ ಮಾತೇ ಇಲ್ಲ. ಇರುವುದೆಲ್ಲ ಭ್ರೂಣದ ಎರಡು ಬೀಜದಳದಲ್ಲಿ. ನಮ್ಮ ಕಾಡಿನ ಸೀತಾಳೆ ದಂಡೆಯಂಥ ಆರ್ಕಿಡ್‌ಗಳ ಬೀಜದಲ್ಲೂ ಬುತ್ತಿ ಇಲ್ಲ, ಆದರೆ ಅವು ಮೊಳೆಯಲು ಶಿಲೀಂಧ್ರದ ಮೊರೆ ಹೋಗುತ್ತವೆ, ಇದು ಯಾರನ್ನೂ ಕೇಳುವುದಿಲ್ಲ. ಇದರ ಒಳಗುಟ್ಟು ಬಿಡಿಸಿದವರಲ್ಲಿ ನಮ್ಮ ಕಡೆಯವರೂ ಇದ್ದಾರೆ: 1970ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾಲಯದ ಅರೆಕಲ್ ಮತ್ತು ನಾಗೇಂದ್ರನ್, ಆಮೇಲೆ ಮೈಸೂರಲ್ಲಿ ಹುಟ್ಟಿ ದೆಹಲಿ ವಿಶ್ವವಿದ್ಯಾಲಯದಲ್ಲಿ ಕೆಲಸ ಮಾಡಿದ ಎಚ್.ವೈ. ಮೋಹನ್ ರಾಮ್.

ಮೊಳಕೆಯಲ್ಲಿ ಕೆಳಗಿಳಿಯುವ ತಾಯಿಬೇರೂ ಇಲ್ಲ. ಕಲ್ಲಿನೊಳಗೆ ಇಳಿಯುವುದಾದರೂ ಎಲ್ಲಿಗೆ? ಬುಡದಿಂದ ಕೂದಲಿನಂಥ ಎಳೆಗಳು ಬಂದು ಕಲ್ಲಿಗೆ ಅಂಟುತ್ತವೆ, ಆಮೇಲೆ ಪಕ್ಕದಿಂದ ಹುಟ್ಟುವ ಚಪ್ಪಟೆ ಬೇರು ಬಂಡೆಯ ಮೇಲೆ ಹರಡಿಕೊಳ್ಳುತ್ತದೆ. ಆ ಹಸಿರು ಸಿಪ್ಪೆ ಅಂದೆನಲ್ಲ, ಹೆಚ್ಚಿನ ಜಾತಿಗಳಲ್ಲಿ ಅದು ಈ ಬೇರು.

ಈಗ ನನಗೆ ತುಂಬ ಖುಷಿ ಕೊಟ್ಟ ವಿಷಯ. ಡಿಎನ್ಎ ನೋಡಿ ನೆಂಟಸ್ತಿಕೆ ಹಾಕಿದಾಗ ಈ ಹೊಳೆಗಿಡದ ಹತ್ತಿರದ ಬಳಗದಲ್ಲಿ ಯಾರು ಬಂದರು ಗೊತ್ತಾ? ಸುರಗಿ, ಹೊನ್ನೆ, ಸ್ವಲ್ಪ ದೂರದಲ್ಲಿ ಮುರುಗಲು ಮತ್ತು ಉಪ್ಪಾಗೆ! ಬೇಸಿಗೆಯಲ್ಲಿ ನಮ್ಮ ಅಂಗಳದಲ್ಲಿ ಆಯಿ ಮುರುಗಲು ಒಡೆದು ಸಿಪ್ಪೆ ಒಣಗಿಸುತ್ತಾಳೆ, ಬೀಜ ಬೇರೆ ಗುಡ್ಡೆ, ಅದರಿಂದ ಮುರುಗಲು ತುಪ್ಪ, ಹಿಮ್ಮಡಿ ಒಡೆದವರಿಗೆಲ್ಲ ಅದೇ ಔಷಧ. ಒಂದೊಂದು ಬೀಜವೂ ಬೆರಳ ತುದಿಯಷ್ಟು, ಕೊಬ್ಬು ತುಂಬಿದ್ದು. ಅದರ ನೆಂಟನದ್ದು ಧೂಳು. ಒಬ್ಬರು ಮಗಳನ್ನು ಕೊಡುವಾಗ ಚೀಲ ತುಂಬ ಕೊಟ್ಟು ಕಳಿಸಿದರೆ, ಇನ್ನೊಬ್ಬರು ನೂರು ಮಕ್ಕಳನ್ನು ಹೆತ್ತು ಕೈಗೊಂದಿಷ್ಟು ಗೋಂದು ಕೊಟ್ಟು ಹೊಳೆಗೆ ಬಿಟ್ಟ ಹಾಗೆ. ಆಯಿಗೆ ಹೇಳಿದೆ. "ನೆಂಟರೇನೋ ಸರಿ, ತುಪ್ಪ ಬತ್ತಾ?" ಅಂದಳು.

ಒಂದು ಪ್ರಶ್ನೆ ಮಾತ್ರ ಕಾಡುತ್ತದೆ. ನೀರು ಯಾವಾಗಲೂ ಕೆಳಕ್ಕೇ ಒಯ್ಯುತ್ತದೆ, ಹಾಗಾದರೆ ಮೇಲಿನ ಬಂಡೆಗೆ ಬೀಜ ಹೋಗುವುದು ಹೇಗೆ? ಗಾಳಿ ಇರಬಹುದು, ಒದ್ದೆ ಕಾಲಿನ ಹಕ್ಕಿಗಳಿಗೆ ಅಂಟಿ ಹೋಗಬಹುದು ಅನ್ನುವ ಊಹೆ ಇದೆ. ಬಾಲ ಕುಣಿಸುತ್ತ ಕಲ್ಲಿಂದ ಕಲ್ಲಿಗೆ ಓಡುವ ಹಕ್ಕಿ ನೋಡಿದಾಗ ನಂಬಬೇಕು ಅನ್ನಿಸುತ್ತದೆ. ಆದರೆ ಎಷ್ಟೋ ಜಾತಿಗಳು ಒಂದೇ ನದಿ, ಒಂದೇ ಜಲಪಾತ ಬಿಟ್ಟು ಬೇರೆಲ್ಲೂ ಇಲ್ಲ, ಅಂದರೆ ಹಕ್ಕಿ ಸವಾರಿ ಅಷ್ಟೇನೂ ದೂರದ್ದಲ್ಲ.

ನೀರು ಇಳಿಯದಿದ್ದರೆ ಹೂವಿಲ್ಲ, ಏರದಿದ್ದರೆ ಗಿಡವಿಲ್ಲ. ಕಾಳಿಗೂ ಶರಾವತಿಗೂ ಅಣೆಕಟ್ಟು ಬಂದಿವೆ, ಅಲ್ಲಿ ನೀರು ಏರಿಳಿಯುವುದು ಕರೆಂಟಿನ ಲೆಕ್ಕದಲ್ಲಿ. ಅಘನಾಶಿನಿಗೆ ಇನ್ನೂ ಅಣೆಕಟ್ಟಿಲ್ಲ, ಸಿರ್ಸಿಯಿಂದ ಸಮುದ್ರದವರೆಗೂ ಅದು ಮಳೆಯ ಲೆಕ್ಕದಲ್ಲೇ ಹರಿಯುತ್ತದೆ.

ಹೆಂಚಿನ ಚೂರು ಒಂದು ವಾರ ಕಿಟಕಿಯ ಬೆಳಕಿನಲ್ಲಿ, ತಟ್ಟೆ ನೀರಿನಲ್ಲಿ ಇತ್ತು. ಎಂಟನೇ ದಿನ ಭೂತಗನ್ನಡಿಯಲ್ಲಿ ಏಳೆಂಟು ಕಡೆ ಎರಡೆರಡು ಹಸಿರು ದಳ ಕಂಡವು. ತಟ್ಟೆ ಬೇಕಾಗಿದೆ ಅಂತ ಆಯಿ ಕೇಳುತ್ತಿದ್ದಳು. ಚೂರನ್ನು ಹೊಳೆಗೆ ಒಯ್ದು, ನೀರು ಬಿಳಿನೊರೆಯಾಗಿ ಬೀಳುವ ಕಡೆ ಎರಡು ಕಲ್ಲಿನ ಸಂದಿಯಲ್ಲಿ ಸಿಕ್ಕಿಸಿ ಬಂದೆ.