ತಾಯಿ ತೊಡಿಸಿದ ಕುಂಚಿಗೆ

ಸೆಪ್ಟೆಂಬರ್ ಕೊನೆಯ ಭಾನುವಾರ ಜಾಂಬೋಟಿ ದಾಟಿ ಕಣಕುಂಬಿಯಲ್ಲಿ ಬಸ್ ಇಳಿದಾಗ ಮಳೆ ಆಗಷ್ಟೇ ಬಿಡುವು ಕೊಟ್ಟಿತ್ತು. ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ಮಲಪ್ರಭೆ ಹುಟ್ಟುವುದು ಇಲ್ಲಿಯೇ. ಉಗಮಕ್ಕೆ ಕೈಮುಗಿದೆವು. ಆದರೆ ಅಣ್ಣನ ಮಗಳನ್ನು ನಾನು ಕರೆತಂದದ್ದು ಪಾಚಿ ತೋರಿಸಲು. ಪಿಯುಸಿ ಪುಸ್ತಕದ ಹೆಸರುಗಳನ್ನು ಅವಳು ಸುಮ್ಮನೆ ಬಾಯಿಪಾಠ ಮಾಡುವುದನ್ನು ನೋಡಲಾಗಿರಲಿಲ್ಲ.

ಕೆಂಪುಕಲ್ಲಿನ ಹಳೆಯ ಪಾಗಾರವೊಂದು ಹಸಿರು ಹೊದ್ದು ನಿಂತಿತ್ತು. ಭೂತಗನ್ನಡಿ ಕೊಟ್ಟೆ. ಹಸಿರಿನಿಂದ ಕೂದಲೆಳೆಯಂಥ ಕೆಂಪು ಕಡ್ಡಿಗಳು ಎದ್ದಿದ್ದವು, ತುದಿಯಲ್ಲಿ ಪುಟ್ಟ ಕುಡಿಕೆ.

"ಇದು ಹೂವೇ, ಕಾಕಾ?"

"ಅಲ್ಲವ್ವ, ಇದು ಮಗು. ಕೆಳಗಿನ ಹಸಿರು ಅದರ ತಾಯಿ."

ಹಸಿರು ಗಿಡದ ಜೀವಕೋಶದಲ್ಲಿ ವಂಶಗುಣ ಹೊತ್ತ ವರ್ಣತಂತುಗಳ ಒಂದೇ ಕಟ್ಟು. ಅದರ ಗಂಡು ಅಂಗವಾದ ಆಂಥರೀಡಿಯಂನಿಂದ ಹೊರಟ ಗಂಡು ಕಣ ಮಳೆನೀರಿನಲ್ಲಿ ಈಜಿ, ಹೂಜಿಯಂಥ ಹೆಣ್ಣು ಅಂಗವಾದ ಆರ್ಕಿಗೋನಿಯಂನ ಒಳಗಿನ ಅಂಡವನ್ನು ಕೂಡುತ್ತದೆ. ಎರಡು ಕಟ್ಟಿನ ಮಗು ಅಲ್ಲೇ ಬೆಳೆದು, ಜೀವಮಾನವಿಡೀ ತಾಯಿಗೆ ಅಂಟಿಕೊಂಡೇ ಇರುತ್ತದೆ. ಎಳೆಯ ಕುಡಿಕೆಯ ಮೇಲಿನ ಟೊಪ್ಪಿಗೆ ಆ ಹೂಜಿಯದೇ ಚೂರು! ತಾಯಿ ತನ್ನ ಮೈಯಿಂದಲೇ ಹೊಲಿದ ಕುಂಚಿಗೆ ಎನ್ನದೆ ಇನ್ನೇನನ್ನಲಿ? ಕುಡಿಕೆ ಬಲಿತರೆ ಮುಚ್ಚಳ ಕಳಚಿ, ಹೊಸ ಗಿಡವಾಗಬಲ್ಲ ಧೂಳಿನಂಥ ಬೀಜಕಗಳು ಗಾಳಿಗೆ ಹಾರುತ್ತವೆ.

ಜರಿಗಿಡದ ಸಂಸಾರ ಬೇರೆ. ಅಲ್ಲಿ ನಾವು ಕಾಣುವ ದೊಡ್ಡ ಗಿಡವೇ ಮಗು. ತಾಯಿಯನ್ನು ಹುಡುಕಲು ರಸ್ತೆ ಪಕ್ಕದ ಒದ್ದೆ ಮಣ್ಣಿನ ದಂಡೆಯ ಮುಂದೆ ಮುಕ್ಕಾಲು ತಾಸು ಕುಕ್ಕರುಗಾಲಲ್ಲಿ ಕುಳಿತೆವು. ಕೊನೆಗೆ ಹುಡುಗಿಯೇ ಕಂಡುಹಿಡಿದಳು: ಕಿರುಬೆರಳ ಉಗುರಿಗಿಂತ ಚಿಕ್ಕದಾದ, ಹೃದಯದಾಕಾರದ ತೆಳು ಹಸಿರು ತುಣುಕು. ಅದರ ಅಡಿಯಲ್ಲೇ ಗಂಡು, ಹೆಣ್ಣು ಅಂಗಗಳು. ಇಲ್ಲಿಯೂ ಕೂಡಿಕೆಗೆ ನೀರು ಬೇಕೇ ಬೇಕು. ಮಗು ಬೇರು ಬಿಟ್ಟು ತನ್ನ ಕಾಲ ಮೇಲೆ ನಿಂತೊಡನೆ ತಾಯಿ ಬಾಡಿಹೋಗುತ್ತದೆ. ಅವಳು ಅದನ್ನು ಕೀಳಲು ಬಿಡಲಿಲ್ಲ.

ಇವೆರಡೂ ಒಂದೇ ಕಥೆಯ ಎರಡು ರೂಪ ಎಂದು 1851ರಲ್ಲಿ ಬರೆದು ತೋರಿಸಿದವನು ಜರ್ಮನಿಯ ಲೈಪ್ಜಿಗ್‌ನ ಹೋಫ್‌ಮೈಸ್ಟರ್. ಪುಸ್ತಕ ವ್ಯಾಪಾರದ ನಡುವೆ ತಾನೇ ಸಸ್ಯಶಾಸ್ತ್ರ ಕಲಿತವನು, ಆಗ 27ರ ತರುಣ. ಇದನ್ನು ಕೇಳಿ ಅವಳ ಕಣ್ಣು ಅರಳಿತು.

ಅಡಿಯಲ್ಲಿ ಕಂದು ಚುಕ್ಕೆಗಳಿದ್ದ ಒಂದೇ ಒಂದು ಜರಿ ಎಲೆಯನ್ನು ತಂದು, ರಾತ್ರಿ ಬಿಳಿ ಹಾಳೆಯ ಮೇಲೆ ಬೋರಲಾಗಿಸಿ ಪುಸ್ತಕ ಹೇರಿದೆವು. ಒಣಗಿದಂತೆ ಆ ಚುಕ್ಕೆಗಳಲ್ಲಿನ ಪ್ರತಿ ಬೀಜಕಕೋಶದ ಉಂಗುರ ಹಿಂದಕ್ಕೆ ಬಾಗಿ, ಫಕ್ಕನೆ ಸಿಡಿದು ಕವಣೆಯಂತೆ ಬೀಜಕಗಳನ್ನು ಎಸೆಯುತ್ತದೆ. ಬೆಳಗ್ಗೆ ಆರಕ್ಕೆ ಅವಳು ನನ್ನನ್ನು ಎಬ್ಬಿಸಿದಳು. ಹಾಳೆಯ ಮೇಲೆ ಕಂದು ಧೂಳಿನಲ್ಲಿ ಇಡೀ ಎಲೆ ಮೂಡಿತ್ತು.