ಕಾರವಾರದ ಉಪ್ಪುಗಾಳಿ ಮತ್ತು ಸ್ಟಾರ್ಮ್ ಕಾರಿನ ಸಸ್ಪೆನ್ಷನ್

ನೆರೆಯ ಗೋವೆಯಲ್ಲಿ ತಯಾರಾಗುತ್ತಿದ್ದ, ಎರಡೇ ಆಸನಗಳ ಸ್ಯಾನ್ ಸ್ಟಾರ್ಮ್ ಕಾರಿನ ಹೊರಮೈ ಫೈಬರ್‌ಗ್ಲಾಸಿನದಾದ್ದರಿಂದ ಅದಕ್ಕೆ ತುಕ್ಕಿನ ಭಯವಿಲ್ಲ. ಆದರೆ ಕಾರವಾರದ ಉಪ್ಪುಗಾಳಿ ಅಡಿಯಲ್ಲಿರುವ ಉಕ್ಕಿನ ಭಾಗಗಳನ್ನು ಬಿಡುವುದಿಲ್ಲ. ಈ ಸಲ ಮಳೆಗಾಲಕ್ಕೆ ಮುನ್ನ, ಚಕ್ರಗಳನ್ನು ಗಾಡಿಯ ಚೌಕಟ್ಟಿಗೆ ಜೋಡಿಸುವ ಸಸ್ಪೆನ್ಷನ್ನಿನ ಕಂಟ್ರೋಲ್ ಆರ್ಮ್‌ಗಳನ್ನು ಮನೆಯಂಗಳದಲ್ಲೇ ಬಿಚ್ಚಿ, ತಂತಿ ಬ್ರಷ್‌ನಿಂದ ಉಜ್ಜಿ, ಪ್ರೈಮರ್ ಮತ್ತು ಬಣ್ಣ ಬಳಿದು, ಅವುಗಳ ಕೀಲುಗಳಲ್ಲಿ ಬಿರುಕುಬಿಟ್ಟಿದ್ದ ರಬ್ಬರ್ ಬುಷ್‌ಗಳನ್ನು ಬದಲಿಸಿದೆ. ಒತ್ತಡದಲ್ಲಿರುವ ಕಾಯಿಲ್ ಸ್ಪ್ರಿಂಗ್ ಸಿಡಿದರೆ ಪ್ರಾಣಕ್ಕೇ ಎರವಾಗಬಲ್ಲದು. ಸ್ಪ್ರಿಂಗನ್ನು ಅದುಮಿ ಹಿಡಿಯುವ ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ ಇಲ್ಲದೆ ಅದರ ಮೇಲಿನ ನಟ್ಟನ್ನು ಮುಟ್ಟಲೇಬಾರದು. ಇನ್ನು ಬುಷ್‌ನ ಬೋಲ್ಟುಗಳನ್ನು, ಚಕ್ರಗಳು ನೇತಾಡುತ್ತಿರುವಾಗಲೇ ಪೂರ್ತಿ ಬಿಗಿದರೆ, ಗಾಡಿ ಕೆಳಗಿಳಿದೊಡನೆ ರಬ್ಬರ್ ತಿರುಚಿಕೊಂಡೇ ನಿಂತು ಬೇಗ ಹರಿಯುತ್ತದೆ. ಆದ್ದರಿಂದ ಚಕ್ರಗಳ ಮೇಲೆ ಪೂರ್ಣ ಭಾರ ಬಿದ್ದ ಬಳಿಕವೇ, ನಿಗದಿತ ಬಲಕ್ಕೆ ಬಿಗಿಯುವ ಟಾರ್ಕ್ ರೆಂಚ್ ಹಿಡಿಯಬೇಕು. ವೀಲ್ ಅಲೈನ್‌ಮೆಂಟ್ ಮಾತ್ರ ಪೇಟೆಯ ಟೈರ್ ಅಂಗಡಿಯಲ್ಲಿ ಮಾಡಿಸಿದೆ.