ಹೆಸರು ಹೇಳಿ ಸಾರ್

"ಹೆಸರು ಹೇಳಿ ಸಾರ್, ಎರಡು ನಿಮಿಷದಲ್ಲಿ ತಂದುಕೊಡ್ತೀನಿ."

ಮಂಗಳವಾರದಿಂದ ಈ ಮಾತು ಕಿವಿಯಲ್ಲೇ ಕೂತಿದೆ. ಹೇಳಿದ ಲೈಬ್ರರಿ ಹುಡುಗ ಒಳ್ಳೆಯವನು. ನನಗೆ ಕಣ್ಣು ಕಾಣುವುದಿಲ್ಲ ಅಂತ ಕೈ ಹಿಡಿದು ದರದರ ಎಳೆಯಲಿಲ್ಲ, ಹಿಡಿದುಕೊಳ್ಳೋಕೆ ಮೊಣಕೈ ಕೊಟ್ಟ. ಅಷ್ಟು ಗೊತ್ತಿರುವವರೇ ಕಡಿಮೆ.

ನಾನು ಹೋಗಿದ್ದು ಲೈಬ್ರರಿಯ ಕಂಪ್ಯೂಟರಿನಲ್ಲಿ ಹುಡುಕೋಣ ಅಂತ. ಎನ್‌ವಿಡಿಎ ಇರುವ ಪೆನ್‌ಡ್ರೈವ್ ಸದಾ ಜೇಬಿನಲ್ಲೇ ಇರುತ್ತದೆ. ಪುಕ್ಕಟೆ ಸಿಗುವ ತಂತ್ರಾಂಶ, ಇನ್‌ಸ್ಟಾಲ್ ಮಾಡದೆಯೂ ಓಡುತ್ತದೆ, ಪರದೆ ಮೇಲಿರುವುದನ್ನು ಓದಿ ಹೇಳುತ್ತದೆ. ಇಯರ್‌ಫೋನ್ ಸಿಕ್ಕಿಸಿ ಟ್ಯಾಬ್ ಒತ್ತಿದೆ. "ಎಡಿಟ್, ಬ್ಲ್ಯಾಂಕ್." ಅಂದರೆ ಟೈಪ್ ಮಾಡುವ ಖಾಲಿ ಖಾನೆ. ಮತ್ತೆ ಒತ್ತಿದೆ. "ಎಡಿಟ್, ಬ್ಲ್ಯಾಂಕ್." ಮೂರನೆಯದೂ ಅದೇ. ಇದರಲ್ಲಿ ಲೇಖಕರ ಹೆಸರು ಎಲ್ಲಿ, ಪುಸ್ತಕದ ಹೆಸರು ಎಲ್ಲಿ? ಖಾನೆಯ ಪಕ್ಕದಲ್ಲೇ ಬರೆದಿದೆಯಂತೆ. ಆದರೆ ಆ ಬರಹವನ್ನು ಖಾನೆಗೆ ಜೋಡಿಸಿಲ್ಲ. ಕೋಡಿನಲ್ಲಿ ಒಂದು ಸಾಲಿನ ಕೆಲಸ ಅದು.

ಅಂದಾಜಿನ ಮೇಲೆ 'ಪತ್ತೇದಾರಿ' ಅಂತ ಟೈಪ್ ಮಾಡಿದೆ. ಏನೂ ಬರಲಿಲ್ಲ. ಕನ್ನಡ ಪಟ್ಟಿಯನ್ನೇ ತೆರೆದು ಒಂದೊಂದೇ ಅಕ್ಷರ ಕೇಳಿದೆ. "ಪಿ, ಎ ಗ್ರೇವ್, ಪೌಂಡ್..." ಆಗ ಗೊತ್ತಾಯಿತು, ಎಲ್ಲವನ್ನೂ ಹಳೆಯ ನುಡಿ ಫಾಂಟಿನಲ್ಲಿ ತುಂಬಿದ್ದಾರೆ. ಅದರಲ್ಲಿ ಕನ್ನಡ ಇರುವುದು ಕಣ್ಣಿಗೆ ಮಾತ್ರ. ಒಳಗೆ ನಮ್ಮ 'ಕ' ಇಂಗ್ಲಿಷಿನ ಪಿ, 'ನ' ಬ್ರಿಟಿಷರ ಪೌಂಡ್ ಗುರುತು! ಈಗಿನ ಫೋನು, ಕಂಪ್ಯೂಟರುಗಳ ಕನ್ನಡವಾದ ಯೂನಿಕೋಡಿನಲ್ಲಿ ಹುಡುಕಿದರೆ ಕಣ್ಣಿದ್ದವರಿಗೂ ಸಿಗುವುದಿಲ್ಲ. ಅವರು ಎದ್ದು ಹೋಗಿ ಕಪಾಟು ನೋಡುತ್ತಾರೆ, ಅಷ್ಟೆ.

ಆಗಲೇ ಹುಡುಗ ಬಂದು ಹೆಸರು ಕೇಳಿದ್ದು.

"ಹೆಸರು ಗೊತ್ತಿಲ್ಲಪ್ಪ. ಏನೇನಿದೆ ನೋಡೋಣ ಅಂತ ಬಂದೆ."

ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ತಾನೇ ಎರಡು ಪುಸ್ತಕ ತಂದ. ಒಂದು ಜೀವನದಲ್ಲಿ ಗೆಲ್ಲುವುದು ಹೇಗೆ ಅಂತ, ಇನ್ನೊಂದು ಭಜನೆ. ನಮ್ಮಂಥವರಿಗೆ ಸ್ಫೂರ್ತಿಯೋ ಭಕ್ತಿಯೋ ಸಾಕು ಅಂತ ಲೋಕವೇ ತೀರ್ಮಾನ ಮಾಡಿದೆ, ಅವನೊಬ್ಬನನ್ನು ಬೈದು ಏನು ಬಂತು? ನನಗೆ ಬೇಕಿದ್ದದ್ದು ಕೊಲೆ ಕಥೆ. ಸಾಲಿನಲ್ಲಿ ಜನ ನಿಂತಿರುವಾಗ ಜೋರಾಗಿ ಹೇಳೋಕೆ ಸಂಕೋಚ. ಸಕ್ಕರೆ ಕಾಯಿಲೆಯದ್ದೋ ಡೈವೋರ್ಸಿನದ್ದೋ ಬೇಕಿದ್ದರೆ ಇನ್ನೂ ಕಷ್ಟ, ಅಲ್ವಾ?

ಕಾನೂನಿನಲ್ಲಿ ನಾವು ಮುಂದಿದ್ದೇವೆ. ಪುಸ್ತಕವನ್ನು ನಾವು ಓದಬಹುದಾದ ರೂಪಕ್ಕೆ ತರಲು 2012ರಲ್ಲೇ ಕಾಪಿರೈಟ್ ಕಾಯ್ದೆ ತಿದ್ದಿದರು. ಅದೇ ವಿಷಯದ ಅಂತರರಾಷ್ಟ್ರೀಯ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಎಲ್ಲ ದೇಶಗಳಿಗಿಂತ ಮೊದಲು ಅನುಮೋದಿಸಿದ್ದು ಭಾರತ. 2016ರಲ್ಲಿ ನಮ್ಮಂಥವರಿಗಾಗಿಯೇ ಸುಗಮ್ಯ ಪುಸ್ತಕಾಲಯ ಅನ್ನುವ ಲೈಬ್ರರಿ ಆನ್‌ಲೈನಿನಲ್ಲಿ ಬಂತು. ಅಲ್ಲಿ ರಾತ್ರಿ ಹನ್ನೆರಡಕ್ಕೆ ಕೂತು ಸುಮ್ನೆ ಹುಡುಕುತ್ತಿರುತ್ತೇನೆ. ಯಾಕೆ, ಏನು ಅಂತ ಕೇಳುವವರಿಲ್ಲ. ಆದರೆ ಅಲ್ಲಿರುವ ಕನ್ನಡ ಪುಸ್ತಕ ನನಗೆ ಸಾಲದು. ಅದಕ್ಕೇ ಊರಿನ ಲೈಬ್ರರಿಗೆ ಹೋಗಿ, ತಂದದ್ದನ್ನು ಮನೆಯಲ್ಲಿ ಸ್ಕ್ಯಾನ್ ಮಾಡಿ ಕೇಳುವುದು.

"ಮುಂದಿನ ಸಲ ಫೋನಲ್ಲೇ ಹೆಸರು ಹೇಳ್ಬಿಡಿ ಸಾರ್, ತೆಗೆದಿಟ್ಟಿರ್ತೀನಿ" ಅಂದ, ಹೊರಡುವಾಗ.

ಪಕ್ಕದ ಕಪಾಟಿಗೆ ಕೈ ಹಾಕಿದೆ. ದಪ್ಪನೆಯ ಬೆನ್ನು, ತೆಳ್ಳನೆಯದು, ಹೊಲಿಗೆ ಬಿಟ್ಟಿದ್ದು. ಹೊಲಿಗೆ ಬಿಟ್ಟಿದ್ದನ್ನೇ ಎಳೆದು ಅವನ ಮುಂದೆ ಹಿಡಿದೆ.

"ಇದರ ಹೆಸರು ನೀನು ಹೇಳು."

"ತೆಂಗಿಗೆ ಬರೋ ರೋಗಗಳದ್ದು ಸಾರ್."

"ಇರ್ಲಿ. ಬರ್ಕೊಳ್ಳಪ್ಪ."